ಮಳೆಗಾಲದ ಮುಂಬೈಯಲ್ಲಿ ಮೆಣಸಿನ ಅಗಿ: ಮನೆಯೊಳಗೆ ಬೀಜದಿಂದ ಕುಂಡದವರೆಗೆ

ಮನೆಯೊಳಗೆ ಮೆಣಸಿನ ಸಸಿ ಎಬ್ಬಿಸುವ ಬಗ್ಗೆ ಓದಲು ಸಿಗುವ ಬರಹಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳಿಂದ ಬಂದವು. ಅಲ್ಲಿ ಫೆಬ್ರವರಿಯಲ್ಲಿ ಹೊರಗಿನ ಮಣ್ಣು ಹೆಪ್ಪುಗಟ್ಟಿರುತ್ತದೆ. ಆದ್ದರಿಂದ ಟ್ರೇಯ ಕೆಳಗೆ ಬಿಸಿ ಚಾಪೆ ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಬೀಜ ಮೊಳೆಯಿಸುತ್ತಾರೆ. ಮುಂಬೈಯಲ್ಲಿ ಕುಳಿತು ಇದನ್ನೇ ಚಾಚೂ ತಪ್ಪದೆ ಮಾಡಿದರೆ ಸಸಿ ಕೊಳೆಯುತ್ತದೆ. ನಾವೂ ಬೀಜವನ್ನು ಮನೆಯೊಳಗೇ ಬಿತ್ತಬೇಕು, ಆದರೆ ಕಾರಣ ಬೇರೆ. ಬಿಸಿಗೆ ಇಲ್ಲಿ ಕೊರತೆಯಿಲ್ಲ. ಸಸಿಯನ್ನು ಕಾಯಬೇಕಾದದ್ದು ನೀರಿನಿಂದ ಮತ್ತು ಮೋಡದಿಂದ.

ನಾನು ಹಾವೇರಿ ಕಡೆಯವಳು. ನಮ್ಮ ಮನೆಯಲ್ಲಿ ಮೆಣಸಿನ ಅಗಿ (ಸಸಿ) ಹಾಕುವುದು, ಅಗಿ ಕಿತ್ತು ಹಚ್ಚುವುದು (ನೆಡುವುದು) ಎಂದರೆ ಹಬ್ಬದಷ್ಟೇ ಸಹಜವಾದ ಕೆಲಸ. ಅಂಗಳದ ಮೂಲೆಯ ಮಡಿಯಲ್ಲಿ ಬೀಜ ಚೆಲ್ಲಿ, ಮೇಲೆ ತೆಳ್ಳಗೆ ಗೊಬ್ಬರ ಉದುರಿಸಿ, ಹುಲ್ಲು ಮುಚ್ಚಿದರೆ ಸಾಕು, ವಾರ ಹತ್ತು ದಿನಕ್ಕೆ ಹಸಿರು ಕಾಣುತ್ತಿತ್ತು. ಮುಂಬೈಯ ಮುಲುಂಡಿನ ಮೂರನೆಯ ಮಹಡಿಗೆ ಬಂದ ಮೇಲೆ ಅದೇ ಧೈರ್ಯದಲ್ಲಿ ಜುಲೈ ಮೊದಲ ವಾರ ಗ್ರಿಲ್ಲಿನೊಳಗಿನ ಕುಂಡದಲ್ಲಿ ಬಿತ್ತಿದೆ. ಮೂವತ್ತಕ್ಕೂ ಹೆಚ್ಚು ಮೊಳಕೆ ಬಂದವು. ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ಬೆಳಗ್ಗೆ ನೋಡಿದರೆ ಒಂದೊಂದು ಸಸಿಯೂ ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಲಗಿತ್ತು. ಮುಂಬೈಯ ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳಿಗೆ ಸರಾಸರಿ 800 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬ್ಯಾಡಗಿಯ ಸುತ್ತಮುತ್ತ ಇಡೀ ವರ್ಷದಲ್ಲಿ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ಊರಿನ ಕೈಗುಣ ಇಲ್ಲಿ ನಡೆಯದೆ ಇದ್ದದ್ದಕ್ಕೆ ಅದೇ ಕಾರಣ ಎಂದು ಆಮೇಲೆ ಅರ್ಥವಾಯಿತು.

ಯಾವಾಗ ಬಿತ್ತಬೇಕು

ಮುಂಬೈಯಿಂದ ಮುಂಗಾರು ಹಿಂದೆ ಸರಿಯುವುದು ಸಾಮಾನ್ಯವಾಗಿ ಅಕ್ಟೋಬರ್ ಎಂಟರ ಸುಮಾರಿಗೆ. ಆ ಹೊತ್ತಿಗೆ ಕುಂಡಕ್ಕೆ ಹಚ್ಚುವಷ್ಟು ಗಟ್ಟಿಯಾದ, ಆರೇಳು ವಾರ ವಯಸ್ಸಿನ ಸಸಿ ಕೈಯಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟ್ ಮೊದಲ ಅಥವಾ ಎರಡನೆಯ ವಾರ ಬೀಜ ಹಾಕಬೇಕಾಗುತ್ತದೆ. ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ ಆಶ್ಲೇಷಾ ಮಳೆಯಲ್ಲಿ ಬೀಜ, ಹುಬ್ಬೆಯಲ್ಲಿ ಸಸಿಯನ್ನು ದೊಡ್ಡ ಕಪ್ಪಿಗೆ (ಲೋಟಕ್ಕೆ) ಸಾಗಿಸುವುದು, ಹಸ್ತದಲ್ಲಿ ಬಿಸಿಲು ತೋರಿಸುವುದು, ಚಿತ್ತಾ ಮಳೆಯಲ್ಲಿ ಕುಂಡಕ್ಕೆ. ನಾನು ದಿನಾಂಕ ಮರೆತರೂ ಈ ಸರಣಿ ಮರೆಯುವುದಿಲ್ಲ. ಹೀಗೆ ಹಚ್ಚಿದ ಗಿಡ ನವೆಂಬರಿನ ತಂಪಿನಲ್ಲಿ ಹೂ ಕಚ್ಚಿ, ಸಂಕ್ರಾಂತಿಯ ಸುಮಾರಿಗೆ ಕೆಂಪಾಗುತ್ತದೆ.

ತೀರಾ ಖಾರದ ತಳಿಗಳು, ಅಂದರೆ ಈಶಾನ್ಯ ಭಾರತದ ಭೂತ್ ಜೊಲೊಕಿಯಾ, ಹಬನೇರೋ ಮುಂತಾದವು ನಿಧಾನ. ಅವು ಮೊಳೆಯುವುದಕ್ಕೇ ಮೂರರಿಂದ ಐದು ವಾರ ತೆಗೆದುಕೊಳ್ಳುತ್ತವೆ. ಅವನ್ನು ಆರಿದ್ರಾ ಮಳೆಯ ಕೊನೆಗೆ, ಜುಲೈ ಮೊದಲಿಗೇ ಬಿತ್ತಿ.

ಜನವರಿಯಲ್ಲೂ ಬಿತ್ತಬಹುದಲ್ಲ ಎಂದು ಕೇಳುವವರಿದ್ದಾರೆ. ಬಿತ್ತಬಹುದು. ಆದರೆ ಆ ಗಿಡ ಹೂ ಬಿಡುವ ಹೊತ್ತಿಗೆ ಏಪ್ರಿಲ್ ಬಿಸಿಲು, ಕಾಯಿ ತುಂಬುವ ಹೊತ್ತಿಗೆ ಜೂನ್ ಮಳೆ. ಮುಂಬೈಯಲ್ಲಿ ಒಂದೇ ಸಲ ಶ್ರಮ ಪಡುವುದಿದ್ದರೆ ಶ್ರಾವಣದಲ್ಲೇ ಪಡಿ.

ಯಾವ ಬೀಜ, ಎಲ್ಲಿಂದ

ಅಡುಗೆಮನೆಯ ಡಬ್ಬಿಯಲ್ಲಿರುವ ಒಣಮೆಣಸಿನ ಬೀಜ ಮೊಳೆಯುತ್ತದೆಯೇ ಎಂಬುದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಮೊಳೆಯುತ್ತದೆ, ಆದರೆ ಯಾವುದು ಎಷ್ಟು ಮೊಳೆಯುತ್ತದೆ ಎಂದು ನೋಡಿ ಹೇಳಲಾಗುವುದಿಲ್ಲ. ಬಿಸಿಲಲ್ಲಿ ಒಣಗಿಸಿದ ಆ ವರ್ಷದ ಕಾಯಿಯಾದರೆ ಭರವಸೆ ಇಡಬಹುದು. ಹೆಚ್ಚು ಉಷ್ಣದ ಯಂತ್ರದಲ್ಲಿ ಒಣಗಿದ್ದು, ಎರಡು ಮೂರು ವರ್ಷ ಹಳೆಯದು, ಮನೆಯಲ್ಲಿ ಹುರಿದಿಟ್ಟದ್ದು ಪ್ರಯೋಜನವಿಲ್ಲ. ಮಾರ್ಚಿನಿಂದ ಮೇ ತನಕ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ (ಬೆಂಗಳೂರಿನದಲ್ಲ, ಪರೇಲಿನ ಪಕ್ಕದ್ದು) ವರ್ಷದ ಮಸಾಲೆಗೆ ಹೊಸ ಮೆಣಸು ಬಂದು ಬೀಳುತ್ತದೆ. ನನ್ನ ಬ್ಯಾಡಗಿ ಬೀಜವೂ ಸಂಕೇಶ್ವರಿ ಬೀಜವೂ ಅಲ್ಲಿಯವೇ. ಅಂಗಡಿಯ ಹಲಗೆಯ ಮೇಲೆ ‘ಬ್ಯಾಡಗಿ’, ‘ಸಂಕೇಶ್ವರಿ’ ಎಂದು ಮರಾಠಿಯಲ್ಲಿ ಬರೆದಿರುವುದನ್ನು ಕಂಡಾಗ, ಒಂದು ಹಾವೇರಿಯದು, ಇನ್ನೊಂದು ಬೆಳಗಾವಿ ಜಿಲ್ಲೆಯದು ಎಂದು ಪಕ್ಕದಲ್ಲಿ ನಿಂತವರಿಗೆ ಹೇಳದೆ ನನಗೆ ಬರಲು ಆಗುವುದಿಲ್ಲ. ಬ್ಯಾಡಗಿ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅದರಲ್ಲಿ ಉದ್ದನೆಯ ಕಡ್ಡಿ, ದಪ್ಪನೆಯ ಡಬ್ಬಿ ಎಂದು ಎರಡು ಬಗೆ. ಕುಂಡಕ್ಕೆ ಎರಡೂ ನಡೆಯುತ್ತವೆ.

ಹಸಿ ಕಾಯಿಯಿಂದ ಬೀಜ ತೆಗೆಯುವುದಾದರೆ ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣೇ ಬೇಕು. ಹಸಿರು ಕಾಯಿಯ ಬೀಜ ಬಲಿತಿರುವುದಿಲ್ಲ. ಮನೆಯ ಮಟ್ಟಿಗೆ ಸೂಜಿಮೆಣಸು, ಅಂದರೆ ನಮ್ಮ ಕರಾವಳಿಯವರ ಗಾಂಧಾರಿ, ಅತ್ಯಂತ ನಂಬಿಕೆಯ ಗಿಡ. ಈ ಹವೆ ಅದಕ್ಕೆ ಹುಟ್ಟಿದೂರಿನಂತೆ, ಒಮ್ಮೆ ಬೇರು ಬಿಟ್ಟರೆ ಎರಡು ಮೂರು ವರ್ಷ ಕಾಯಿ ಕೊಡುತ್ತದೆ. ಮೊದಲ ಸಲ ಬಿತ್ತುವವರು ಒಂದು ಬ್ಯಾಡಗಿ, ಒಂದು ಗಾಂಧಾರಿ ಇಟ್ಟುಕೊಳ್ಳಿ. ಸಂಸ್ಥೆಗಳ ತಳಿ ಬೇಕೆಂದರೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ಒಳ್ಳೆಯದು. ಅದು ಶುದ್ಧ ತಳಿ, ಮರುವರ್ಷಕ್ಕೆ ಬೀಜ ಉಳಿಸಬಹುದು. ಸಂಕರ ತಳಿಯ ಬೀಜ ಉಳಿಸಿ ಬಿತ್ತಿದರೆ ಮಕ್ಕಳು ತಾಯಿಯಂತಿರುವುದಿಲ್ಲ.

ಬಿತ್ತುವ ಮೊದಲು ಒಂದು ಪರೀಕ್ಷೆ ಮಾಡಿ. ಹತ್ತು ಬೀಜಗಳನ್ನು ಒದ್ದೆಮಾಡಿ ಹಿಂಡಿದ ಟಿಶ್ಯೂ ಕಾಗದದಲ್ಲಿ ಮಡಚಿ, ಜಿಪ್ ಚೀಲದಲ್ಲಿ ಹಾಕಿ ಕಪಾಟಿನಲ್ಲಿಡಿ. ಹತ್ತು ಹನ್ನೆರಡು ದಿನಕ್ಕೆ (ಗಾಂಧಾರಿಯಂಥ ನಿಧಾನದ ತಳಿಗಳಿಗೆ ಇನ್ನೂ ಹೆಚ್ಚು ಕಾದು) ಏಳೆಂಟು ಬಿಳಿ ಬೇರು ಕಂಡರೆ ಆ ಬೀಜ ಉತ್ತಮ, ಮೂರು ನಾಲ್ಕು ಬಂದರೆ ಮೂರು ಪಟ್ಟು ಹೆಚ್ಚು ಬಿತ್ತಿ, ಒಂದೂ ಬಾರದಿದ್ದರೆ ಒಂದು ತಿಂಗಳ ಕಾಯುವಿಕೆ ಉಳಿಯಿತು. ನೀರಿನಲ್ಲಿ ತೇಲಿದ ಬೀಜ ಜೊಳ್ಳು ಎಂಬ ಮಾತನ್ನು ಮೆಣಸಿಗೆ ಹಚ್ಚಬೇಡಿ. ಈ ಬೀಜ ಚಪ್ಪಟೆ, ಹಗುರ. ಒಳ್ಳೆಯದೂ ಮೊದಲು ತೇಲುತ್ತದೆ.

ಬೀಜ ಬಿಡಿಸುವಾಗ ಕೈಗೆ ಕವಚ ಹಾಕಿಕೊಳ್ಳಿ. ಖಾರ ಇರುವುದು ಬೀಜದಲ್ಲಲ್ಲ, ಅದು ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ, ಬೀಜಕ್ಕೆ ಅದು ಸವರಿಕೊಂಡಿರುತ್ತದೆ. ಕೈ ಉರಿದರೆ ಬರಿಯ ನೀರಿನಿಂದ ಹೋಗುವುದಿಲ್ಲ. ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನು ಹಚ್ಚಿ.

ಮಿಶ್ರಣ

ನರ್ಸರಿಯ ಕೆಂಪು ಮಣ್ಣನ್ನು ಸಣ್ಣ ಕಪ್ಪಿಗೆ ತುಂಬಬೇಡಿ. ನಾಲ್ಕು ಸಲ ನೀರು ಬಿದ್ದರೆ ಅದು ಇಟ್ಟಿಗೆಯಾಗುತ್ತದೆ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ಸುಟ್ಟ ಭತ್ತದ ಹೊಟ್ಟು, ಅರ್ಧ ಪಾಲು ಜರಡಿ ಹಿಡಿದ ಎರೆಗೊಬ್ಬರ ಸಾಕು. ಎರೆಗೊಬ್ಬರ ಹೆಚ್ಚಾದರೆ ಮಿಶ್ರಣ ಅಂಟಾಗುತ್ತದೆ, ಮಳೆಗಾಲದಲ್ಲಿ ಅದೇ ಕೊಳೆಗೆ ದಾರಿ. ಮೊಳಕೆಗೆ ಬೇಕಾದ ಆಹಾರ ಬೀಜದೊಳಗೇ ಇದೆ, ಮೊದಲ ಎರಡು ವಾರ ಗೊಬ್ಬರದ ಅಗತ್ಯವೇ ಇಲ್ಲ. ಮರಳಿನ ಆಸೆಗೆ ಕಟ್ಟಡದ ಕಲ್ಲುಪುಡಿಯನ್ನಾಗಲಿ ಕಡಲ ದಂಡೆಯ ಮರಳನ್ನಾಗಲಿ ತರಬೇಡಿ. ಒಂದು ಗಟ್ಟಿ ಕಟ್ಟಿಕೊಳ್ಳುತ್ತದೆ, ಇನ್ನೊಂದರಲ್ಲಿ ಉಪ್ಪು.

ಕೋಕೋಪೀಟಿನಲ್ಲೂ ಉಪ್ಪಿರುತ್ತದೆ. ಇಟ್ಟಿಗೆಯ ಆಕಾರದಲ್ಲಿ ಬರುವ ಅದನ್ನು ಬಕೆಟ್ಟಿನಲ್ಲಿ ನೆನೆಸಿ, ಹಳೆಯ ಪಂಚೆಯಲ್ಲಿ ಹಾಕಿ ಹಿಂಡಿ, ಮತ್ತೆ ನೆನೆಸಿ ಹಿಂಡಿ. ಮೂರು ಸಲ ತೊಳೆದರೆ ಸಾಕು. ಕೊನೆಯ ಸಲ ಕುದಿಯುವ ನೀರು ಸುರಿದು ಆರಲು ಬಿಟ್ಟರೆ ಶಿಲೀಂಧ್ರವೂ ಸಣ್ಣ ನೊಣಗಳ ಮೊಟ್ಟೆಯೂ ಬಹಳಷ್ಟು ಸಾಯುತ್ತವೆ. ಪೂರ್ತಿ ತಣಿದ ಮೇಲೆ, ಮಿಶ್ರಣದ ಒಂದು ಕಿಲೋಗೆ ಒಂದು ಚಮಚದಂತೆ ಟ್ರೈಕೋಡರ್ಮಾ ಪುಡಿ ಕಲಸಿ ಒಂದೆರಡು ದಿನ ಮುಚ್ಚಿಡಿ. ಇದು ಜೀವಂತ ಶಿಲೀಂಧ್ರ, ಸಸಿ ಕೊಳೆಸುವ ಶಿಲೀಂಧ್ರಗಳ ಜಾಗವನ್ನು ತಾನು ಹಿಡಿಯುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ಅವಧಿ ನೋಡಿ ಕೊಳ್ಳಿ, ಬಿಸಿಯಿರುವ ಮಿಶ್ರಣಕ್ಕೆ ಹಾಕಬೇಡಿ, ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ.

ಬಿತ್ತನೆ

ಬೀಜವನ್ನು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ತೆಗೆಯಿರಿ. ಪ್ರೋ ಟ್ರೇ (ಸಾಲು ಗುಳಿಗಳಿರುವ ಸಸಿ ತಟ್ಟೆ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಾಗದದ ಚಹಾ ಕಪ್ಪಿಗೆ ತಳದಲ್ಲಿ ನಾಲ್ಕೈದು ತೂತು ಮಾಡಿ. ಮೊಸರಿನ ಡಬ್ಬಿಯೂ ನಡೆಯುತ್ತದೆ. ತೂತಿಲ್ಲದ ಪಾತ್ರೆ ಮಾತ್ರ ಬೇಡ.

ಮಿಶ್ರಣವನ್ನು ತುಂಬುವ ಮೊದಲೇ ಒದ್ದೆ ಮಾಡಿ ಹದಕ್ಕೆ ತನ್ನಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಮಾತ್ರ ಬರಬೇಕು, ಕೈ ಬಿಚ್ಚಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ನೀರು ಧಾರೆಯಾಗಿ ಇಳಿದರೆ ಹರಡಿ ಆರಿಸಿ. ಕಪ್ಪು ತುಂಬಿ ಮೆಲ್ಲಗೆ ಒತ್ತಿ, ಅರ್ಧ ಸೆಂಟಿಮೀಟರ್ ಆಳದಲ್ಲಿ ಎರಡೆರಡು ಬೀಜ ಇಟ್ಟು, ಮೇಲೆ ಮಿಶ್ರಣ ಉದುರಿಸಿ. ಒಂದು ಸೆಂಟಿಮೀಟರಿಗಿಂತ ಆಳ ಹೋದರೆ ಮೇಲೆ ಬರುವಷ್ಟರಲ್ಲಿ ಮೊಳಕೆಗೆ ಸುಸ್ತು. ಐಸ್‌ಕ್ರೀಮ್ ಕಡ್ಡಿಯ ಮೇಲೆ ತಳಿ, ದಿನಾಂಕ ಬರೆದು ಚುಚ್ಚಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಈ ತೇವಕ್ಕೆ ಅಳಿಸಿಹೋಗುತ್ತದೆ.

ಮೆಣಸಿನ ಬೀಜಕ್ಕೆ ಮೊಳೆಯಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಗಸ್ಟಿನ ಮುಂಬೈ ಮನೆಯೊಳಗೆ ಹಗಲೂ ರಾತ್ರಿಯೂ ಇರುವುದು ಅಷ್ಟೇ. ಬಿಸಿ ಚಾಪೆಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ಎಸಿ ಹಾಕುವ ಕೋಣೆಯಲ್ಲಿ ಮಾತ್ರ ಇಡಬೇಡಿ. ಮೊಳೆಯುವವರೆಗೆ ಬೆಳಕಿನ ಅಗತ್ಯವೂ ಇಲ್ಲ. ಮೇಲ್ಮೈ ಒಣಗದಂತೆ ಮೇಲೊಂದು ಪಾಲಿಥಿನ್ ಹಾಳೆ ಸಡಿಲವಾಗಿ ಮುಚ್ಚಿ, ದಿನಕ್ಕೊಮ್ಮೆ ತೆರೆದು ಐದು ನಿಮಿಷ ಗಾಳಿಯಾಡಿಸಿ. ಬ್ಯಾಡಗಿ, ಜ್ವಾಲಾ ಮುಂತಾದವು ಏಳರಿಂದ ಹದಿನಾಲ್ಕು ದಿನಕ್ಕೆ ಏಳುತ್ತವೆ, ಗಾಂಧಾರಿ ಎರಡು ಮೂರು ವಾರ ಕೇಳುತ್ತದೆ. ದಿನವೂ ಕೆದಕಿ ನೋಡಬೇಡಿ.

ಮೊದಲ ಮೊಳಕೆ ಕೊಕ್ಕೆಯಂತೆ ಬಾಗಿ ಮೇಲೆದ್ದ ದಿನವೇ ಹಾಳೆಯನ್ನು ತೆಗೆದು ಎತ್ತಿಡಿ. ಉಳಿದವು ಬರಲಿ ಎಂದು ಕಾಯಬೇಡಿ. ಚಳಿ ದೇಶದ ಒಣ ಗಾಳಿಯಲ್ಲಿ ಮುಚ್ಚಳ ಇನ್ನೂ ಕೆಲವು ದಿನ ಇದ್ದರೆ ನಡೆಯುತ್ತದೆ. ಗಾಳಿಯಲ್ಲೇ ಶೇಕಡ 85ರಷ್ಟು ತೇವ ಇರುವ ಊರಿನಲ್ಲಿ ಅದು ಸಸಿಯ ಉಸಿರುಗಟ್ಟಿಸುತ್ತದೆ. ಕೆಲವು ಸಸಿಗಳ ತಲೆಯ ಮೇಲೆ ಬೀಜದ ಸಿಪ್ಪೆ ಟೋಪಿಯಂತೆ ಕುಳಿತುಬಿಡುತ್ತದೆ. ಒಂದು ಹನಿ ನೀರು ಇಟ್ಟು, ಗಂಟೆ ಬಿಟ್ಟು, ಉಗುರಿನಿಂದ ನಾಜೂಕಾಗಿ ಬಿಡಿಸಿ. ಒಣಗಿದ್ದಾಗ ಎಳೆದರೆ ಬೀಜದೆಲೆಯೇ ಹರಿದುಬರುತ್ತದೆ.

ನೀರು

ನಿಜವಾದ ಕಲಿಕೆ ಇರುವುದು ಇಲ್ಲಿ. ನಾನು ಕಂಡ ಸಸಿ ಸಾವುಗಳಲ್ಲಿ ಹತ್ತಕ್ಕೆ ಒಂಬತ್ತು ಪ್ರೀತಿಯಿಂದ ಹೆಚ್ಚು ನೀರು ಹಾಕಿದ್ದರಿಂದ ಆದವು.

ಬುಡ ದಾರದಂತಾಗಿ ಸಸಿ ಮಲಗುವ ಆ ರೋಗಕ್ಕೆ ಸಸಿ ಕೊಳೆ ಎನ್ನುತ್ತಾರೆ. ಪಿಥಿಯಮ್, ರೈಜೊಕ್ಟೋನಿಯಾ ಮುಂತಾದ ಸೂಕ್ಷ್ಮಜೀವಿಗಳು ಅದನ್ನು ತರುತ್ತವೆ. ಅವು ಎಲ್ಲ ಮಣ್ಣಿನಲ್ಲೂ ಇರುವವೇ. ನಿಂತ ತೇವ, ನಿಂತ ಗಾಳಿ, ಮಂದ ಬೆಳಕು, ಈ ಮೂರೂ ಕೂಡಿದಲ್ಲಿ ಎದ್ದು ಕೂರುತ್ತವೆ. ಮುಂಬೈಯ ಮಳೆಗಾಲದ ಅಡುಗೆಮನೆಯಲ್ಲಿ ಮೂರಕ್ಕೂ ಕೊರತೆಯಿಲ್ಲ. ಹಿಡಿದ ಸಸಿಯನ್ನು ಉಳಿಸುವ ಔಷಧ ಇಲ್ಲ. ಆ ಕಪ್ಪನ್ನು ಮಿಶ್ರಣದ ಸಮೇತ ಎಸೆದು, ಉಳಿದವುಗಳಿಗೆ ನೀರು ನಿಲ್ಲಿಸಿ ಫ್ಯಾನಿನ ಗಾಳಿ ಕೊಡುವುದೊಂದೇ ದಾರಿ.

ಬಾರದಂತೆ ನೋಡಿಕೊಳ್ಳಲು ನಾನು ಮೇಲಿನಿಂದ ನೀರು ಹಾಕುವುದನ್ನೇ ಬಿಟ್ಟಿದ್ದೇನೆ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ, ಕಪ್ಪುಗಳನ್ನು ಹತ್ತು ಹದಿನೈದು ನಿಮಿಷ ಅದರಲ್ಲಿ ನಿಲ್ಲಿಸಿ, ತೆಗೆದು ಬಸಿಯಲು ಬಿಡುತ್ತೇನೆ. ಬೇರು ನೀರನ್ನು ಹುಡುಕಿಕೊಂಡು ಕೆಳಗಿಳಿಯುತ್ತದೆ, ಬುಡದ ಸುತ್ತ ಒಣಗಿರುತ್ತದೆ. ಮುಂದಿನ ನೀರು ಯಾವಾಗ ಎಂಬುದಕ್ಕೆ ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಕಪ್ಪನ್ನು ಎತ್ತಿ ತೂಕ ನೋಡಿ. ಈಗಷ್ಟೇ ನೀರು ಕುಡಿದ ಕಪ್ಪು ಎಷ್ಟು ಭಾರ, ಹಸಿದ ಕಪ್ಪು ಎಷ್ಟು ಹಗುರ ಎಂದು ಕೈಗೆ ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ. ಮಳೆ ಹಿಡಿದ ವಾರದಲ್ಲಿ ಐದು ದಿನಕ್ಕೊಮ್ಮೆ ಸಾಕಾಗಬಹುದು, ಬಿಸಿಲು ಬಿದ್ದರೆ ಎರಡು ದಿನಕ್ಕೇ ಕೇಳಬಹುದು. ಎಲೆ ಸ್ವಲ್ಪ ಬಾಡಿದರೂ ಮೆಣಸಿನ ಸಸಿ ನೀರು ಕಂಡೊಡನೆ ಏಳುತ್ತದೆ. ಕೊಳೆತದ್ದು ಏಳುವುದಿಲ್ಲ.

ನೀರು ಕೊಳೆಸುತ್ತದೆ ಎಂದೆನಾದರೂ ಮಳೆಯೇ ಮೆಣಸಿನ ವೈರಿಯಲ್ಲ. ಗೋವೆಯ ಕಾಣಕೋಣ ತಾಲೂಕಿನ ಖೋಲಾ ಗ್ರಾಮದವರು ತಮ್ಮ ಹೆಸರಾಂತ ಮೆಣಸನ್ನು ಮಳೆಗಾಲದಲ್ಲೇ, ಮಳೆಯ ನೀರಿನಲ್ಲೇ ಬೆಳೆಯುತ್ತಾರೆ. ಖೋಲಾ ಮೆಣಸಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅವರು ಬೆಳೆಯುವುದು ಗುಡ್ಡದ ಇಳಿಜಾರಿನಲ್ಲಿ, ಎಷ್ಟು ಸುರಿದರೂ ನೀರು ಬುಡದಲ್ಲಿ ನಿಲ್ಲದ ಜಾಗದಲ್ಲಿ. ನಮ್ಮ ಕಪ್ಪಿನ ತಳದ ತೂತುಗಳೇ ನಮ್ಮ ಪಾಲಿನ ಇಳಿಜಾರು.

ಬೆಳಕು

ಮೊಳಕೆ ಕಂಡ ದಿನದಿಂದ ಬೆಳಕು ಬೇಕು, ಅದೂ ಧಾರಾಳವಾಗಿ. ಆಗಸ್ಟಿನಲ್ಲಿ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ, ಎದುರಿನ ಕಟ್ಟಡ ಉಳಿದದ್ದನ್ನೂ ಮರೆಮಾಡುತ್ತದೆ. ಕಿಟಕಿಯ ಬೆಳಕೊಂದನ್ನೇ ನಂಬಿದ ಸಸಿ ಮೂರೇ ದಿನದಲ್ಲಿ ಬಿಳಿಚಿ, ಉದ್ದವಾಗಿ, ಕಿಟಕಿಯ ಕಡೆ ಕತ್ತು ಚಾಚುತ್ತದೆ. ಹಾಗೆ ಸೊರಗಿ ಬೆಳೆದ ಕಾಂಡ ಮತ್ತೆ ದಪ್ಪವಾಗುವುದು ಕಷ್ಟ.

ಇದಕ್ಕೆ ವಿಶೇಷ ‘ಗ್ರೋ ಲೈಟ್’ ಬೇಕಿಲ್ಲ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುವ 20 ವ್ಯಾಟಿನ, ಬಿಳಿ ಬೆಳಕಿನ (6500 ಕೆಲ್ವಿನ್) ನಾಲ್ಕು ಅಡಿಯ ಎಲ್‌ಇಡಿ ಪಟ್ಟಿ ಎರಡು ಸಾಕು. ಕಪಾಟಿನ ಮೇಲಿನ ಹಲಗೆಯ ಅಡಿಗೆ ಜೋಡಿಸಿ, ಸಸಿಯ ತುದಿಗೂ ದೀಪಕ್ಕೂ ಹತ್ತರಿಂದ ಹದಿನೈದು ಸೆಂಟಿಮೀಟರ್ ಅಂತರ ಇರುವಂತೆ ಕಪ್ಪುಗಳನ್ನು ಇಟ್ಟಿಗೆಯ ಮೇಲೆ ಎತ್ತರಿಸಿ. ಸಸಿ ಬೆಳೆದಂತೆ ಇಟ್ಟಿಗೆ ತೆಗೆಯುತ್ತ ಬನ್ನಿ. ಛಾವಣಿಯ ಟ್ಯೂಬ್‌ಲೈಟಿನಿಂದ ಪ್ರಯೋಜನವಿಲ್ಲ, ಅಷ್ಟು ದೂರದಿಂದ ಬರುವ ಬೆಳಕು ನಮ್ಮ ಕಣ್ಣಿಗೆ ಸಾಕು, ಎಲೆಗೆ ಸಾಲದು. ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿ, ರಾತ್ರಿ ಆರಿಸಿ. ಎರಡು ದೀಪಕ್ಕೆ ದಿನಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ತಿಂಗಳಿಗೆ ಹದಿನೇಳು ಯೂನಿಟ್ ಆಗುತ್ತದೆ. ಟೈಮರ್ ಪ್ಲಗ್ ಒಂದು ಕೊಂಡರೆ ನೆನಪಿನ ಹೊರೆ ಇಳಿಯುತ್ತದೆ.

ಅದರ ಜೊತೆಗೆ ಸಣ್ಣ ಯುಎಸ್‌ಬಿ ಫ್ಯಾನ್ ದಿನಕ್ಕೆ ಕೆಲವು ಗಂಟೆ ಓಡಲಿ. ಎಲೆ ಸುಮ್ಮನೆ ಅಲುಗಬೇಕು, ಬಾಗಬಾರದು. ಗಾಳಿಗೆ ಅಲುಗಿದ ಕಾಂಡ ತಾನಾಗಿ ಗಟ್ಟಿಯಾಗುತ್ತದೆ, ಮಿಶ್ರಣದ ಮೇಲ್ಮೈಯೂ ಬೇಗ ಆರುತ್ತದೆ. ನನ್ನನ್ನು ಕೇಳಿದರೆ ಈ ಫ್ಯಾನ್ ಎಲ್ಲ ಔಷಧಿಗಿಂತ ಮೇಲು.

ಕಪ್ಪು ಬದಲಿಸುವುದು, ಚೌತಿಗೆ ಊರಿಗೆ ಹೋಗುವುದು

ಬೀಜದೆಲೆಗಳ ನಂತರ ಎರಡು ಮೂರು ಜೊತೆ ನಿಜವಾದ ಎಲೆ ಬಂದಾಗ, ಸುಮಾರು ನಾಲ್ಕು ವಾರಕ್ಕೆ, ಸಸಿಯನ್ನು ನಾಲ್ಕು ಇಂಚಿನ ಕಪ್ಪಿಗೆ ಸಾಗಿಸಿ. ಒಂದೇ ಕಪ್ಪಿನಲ್ಲಿ ಎರಡು ಇದ್ದರೆ ಬಲಹೀನವಾದದ್ದನ್ನು ಕೀಳದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ಉಳಿದದ್ದರ ಬೇರು ಅಲುಗುವುದಿಲ್ಲ. ಸಾಗಿಸುವಾಗ ಎಲೆಯನ್ನು ಹಿಡಿಯಿರಿ, ಕಾಂಡವನ್ನಲ್ಲ. ಎಲೆ ಹರಿದರೆ ಮತ್ತೊಂದು ಬರುತ್ತದೆ, ಕಾಂಡ ಇರುವುದು ಒಂದೇ. ಟೊಮೆಟೊ ಸಸಿಯಂತೆ ಕಾಂಡವನ್ನು ಆಳಕ್ಕೆ ಹೂಳುವ ರೂಢಿ ಇದಕ್ಕೆ ಬೇಡ, ಮೊದಲಿದ್ದ ಮಟ್ಟಕ್ಕೇ ಕೂರಿಸಿ.

ಈ ಹೊತ್ತಿಗೆ ಎರೆಗೊಬ್ಬರವನ್ನು ಮಿಶ್ರಣದ ಕಾಲು ಭಾಗಕ್ಕೆ ಏರಿಸಬಹುದು. ವಾರಕ್ಕೊಮ್ಮೆ, ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವ) ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಮಿನಷ್ಟು ತಟ್ಟೆಯ ನೀರಿಗೆ ಬೆರೆಸಿ. ಹೆಚ್ಚು ಕೊಟ್ಟರೆ ಎಲೆ ಮಾತ್ರ ಉಬ್ಬುತ್ತದೆ.

ಮುಂಬೈ ಕನ್ನಡಿಗರಿಗೆ ಇಲ್ಲೊಂದು ಸಂಕಟ. ಸಸಿ ಎಳೆಯದಾಗಿರುವಾಗಲೇ ಗಣೇಶ ಚೌತಿ ಬರುತ್ತದೆ, ಮನೆಗೆ ಬೀಗ ಹಾಕಿ ಊರಿಗೆ ಹೋಗಬೇಕು. ಹತ್ತಿಯ ದೀಪದ ಬತ್ತಿಯನ್ನು ದಪ್ಪಗೆ ಹೊಸೆದು, ಒದ್ದೆ ಮಾಡಿ, ಒಂದು ತುದಿಯನ್ನು ಕಪ್ಪಿನ ತಳದ ತೂತಿನಿಂದ ಒಳಗೆ ತೂರಿಸಿ, ಇನ್ನೊಂದನ್ನು ಕೆಳಗಿನ ನೀರಿನ ಡಬ್ಬಿಗೆ ಇಳಿಬಿಡಿ. ಕಪ್ಪಿನ ತಳ ನೀರಿಗೆ ತಾಕಬಾರದು. ಐದಾರು ದಿನ ಹೀಗೆ ನಡೆಯುತ್ತದೆ. ದೀಪಕ್ಕೆ ಟೈಮರ್ ಇರಲಿ. ಕಾವಲುಗಾರನಿಗೆ ಕೀಲಿ ಕೊಟ್ಟು ‘ದಿನಾ ನೀರು ಹಾಕಪ್ಪ’ ಎಂದು ಹೇಳಿಹೋದ ವರ್ಷ ನಾನು ಮರಳಿ ಬಂದಾಗ ಕಪ್ಪುಗಳು ತುಂಬಿ ತುಳುಕುತ್ತಿದ್ದವು. ಹೇಳಿದ ಮಾತನ್ನು ಅವನು ಪ್ರಾಮಾಣಿಕವಾಗಿ ನಡೆಸಿದ್ದ, ತಪ್ಪು ನಾನು ಹೇಳಿದ್ದರಲ್ಲಿತ್ತು.

ಬಿಸಿಲಿಗೆ ಒಗ್ಗಿಸಿ ಕುಂಡಕ್ಕೆ

ದೀಪದಡಿಯಲ್ಲಿ ಬೆಳೆದ ಎಲೆಗೆ ಬಿಸಿಲು ಗೊತ್ತಿಲ್ಲ. ಮಳೆ ನಿಂತೊಡನೆ ಮುಂಬೈಯ ಅಕ್ಟೋಬರ್ ಬಿಸಿಲು 34, 35 ಡಿಗ್ರಿಗೆ ಏರುತ್ತದೆ. ನೇರ ಹೊರಗಿಟ್ಟರೆ ಒಂದೇ ಮಧ್ಯಾಹ್ನಕ್ಕೆ ಎಲೆ ಕಾಗದದಂತೆ ಬೆಳ್ಳಗಾಗುತ್ತದೆ. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ಮರುದಿನ ಎರಡು, ಹೀಗೆ ಹತ್ತು ದಿನದಲ್ಲಿ ಪೂರ್ತಿ. ಹಸ್ತದ ಮಳೆ ನಡುವೆ ಬಂದರೆ ಒಳಗೆ ತನ್ನಿ.

ಅಂತಿಮ ಕುಂಡ ಹನ್ನೆರಡು ಇಂಚಿನದಿರಲಿ, ಒಂದು ಕುಂಡಕ್ಕೆ ಒಂದೇ ಗಿಡ. ಈಗ ಮಣ್ಣು ಸೇರಿಸಬಹುದು: ಮಣ್ಣು, ಕೋಕೋಪೀಟ್, ಗೊಬ್ಬರ ಸಮಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಸಂಜೆ ಹಚ್ಚಿ, ನೀರು ಕೊಟ್ಟು, ಎರಡು ದಿನ ನೆರಳಿನಲ್ಲಿಡಿ. ಕುಂಡದ ಕೆಳಗೆ ತಟ್ಟೆ ಇಡಿ, ಕೆಳಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಕೆಂಪು ನೀರು ಬಿದ್ದರೆ ಸೊಸೈಟಿಯಲ್ಲಿ ಗಿಡ ಸಾಕುವವರೆಲ್ಲರಿಗೂ ಕೆಟ್ಟ ಹೆಸರು. ಆದರೆ ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ಗ್ರಿಲ್ಲಿನ ಹೊರಗೆ, ಕಟ್ಟೆಯ ಅಂಚಿಗೆ ಕುಂಡ ಇಡಲೇಬೇಡಿ. ಕೆಳಗೆ ಜನ ನಡೆದಾಡುತ್ತಾರೆ.

ಪಾರಿವಾಳಗಳು ಎಳೆಯ ಸಸಿಯನ್ನು ಕಿತ್ತು ಮಣ್ಣು ಕೆದರುತ್ತವೆ, ಮೊದಲ ತಿಂಗಳು ಬಲೆ ಬೇಕೇ ಬೇಕು. ಕಾಯಿ ಕೆಂಪಾದ ಮೇಲೆ ಗಿಳಿಗಳ ಸರದಿ. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ, ಅವುಗಳ ನರಗಳಲ್ಲಿ ಖಾರವನ್ನು ಗುರುತಿಸುವ ಗ್ರಾಹಕ ನಮ್ಮದರಂತೆ ಸ್ಪಂದಿಸುವುದಿಲ್ಲ. ಕಾಡಿನಲ್ಲಿ ಈ ಗಿಡದ ಬೀಜವನ್ನು ಊರೂರಿಗೆ ಒಯ್ದದ್ದೇ ಹಕ್ಕಿಗಳು.

ಮುಟುರು ರೋಗದ ಮಾತು

ನವೆಂಬರಿನಲ್ಲಿ ‘ಎಲೆ ಮುದುಡಿದೆ, ಏನು ಮಾಡಲಿ’ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು: ಮೇಲಕ್ಕೋ ಕೆಳಕ್ಕೋ? ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಅದು ಥ್ರಿಪ್ಸ್ ಕೀಟ. ಅಂಚು ಕೆಳಕ್ಕೆ ಬಾಗಿ, ಮಗುಚಿದ ದೋಣಿಯಂತಾಗಿ, ತೊಟ್ಟು ಉದ್ದವಾಗಿದ್ದರೆ ಅದು ಮೈಟ್ ನುಸಿ. ಮೊದಲನೆಯದಕ್ಕೆ ಲೀಟರ್ ನೀರಿಗೆ ಮೂರರಿಂದ ಐದು ಮಿಲಿಲೀಟರ್ ಬೇವಿನ ಎಣ್ಣೆ, ನಾಲ್ಕು ಹನಿ ಸಾಬೂನು ದ್ರವ ಬೆರೆಸಿ, ಎಲೆಯ ಕೆಳಮೈಗೆ ತಾಗುವಂತೆ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಎರಡನೆಯದಕ್ಕೆ ನೀರಿನಲ್ಲಿ ಕರಗಿಸುವ ಗಂಧಕದ ಪುಡಿ ಲೀಟರಿಗೆ ಎರಡು ಗ್ರಾಂ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, ಎರಡೂ ಕೂಡಿದರೆ ಎಲೆ ಸುಡುತ್ತದೆ. ಎಲೆ ಮುದುಡಿ, ಹಳದಿ ತಿರುಗಿ, ಗಿಡ ಕುಬ್ಜವಾಗಿ ನಿಂತರೆ ಅದು ಬಿಳಿನೊಣ ತಂದ ನಂಜು. ಅಂಥ ಗಿಡವನ್ನು ಕಿತ್ತು ಎಸೆಯಿರಿ, ಪಕ್ಕದವು ಉಳಿಯಲಿ.

ಅಕ್ಟೋಬರಿನಲ್ಲಿ ಮೊದಲ ಹೂಗಳು ಉದುರಿದರೆ ಗಾಬರಿ ಬೇಡ. ರಾತ್ರಿಯೂ ಸೆಕೆ ಇರುವಾಗ ಹೂ ಕಚ್ಚುವುದಿಲ್ಲ. ದೀಪಾವಳಿ ಕಳೆದು ಗಾಳಿ ತಂಪಾದಾಗ ನಿಲ್ಲುತ್ತವೆ. ಗಾಳಿಯಾಡದ ಗ್ಯಾಲರಿಯಾದರೆ ಬೆಳಗ್ಗೆ ಒಂಬತ್ತು ಹತ್ತು ಗಂಟೆಗೆ ಹೂವಿನ ರೆಂಬೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಪರಾಗ ತಾನಾಗಿ ಉದುರಿ ಕೂಡುತ್ತದೆ.

ಪುಣೆಯವರು ಇದನ್ನೆಲ್ಲ ಸ್ವಲ್ಪ ಬದಲಿಸಿಕೊಳ್ಳಬೇಕು. ಅಲ್ಲಿ ಮಳೆ ಮುಂಬೈಯ ಮೂರರಲ್ಲೊಂದು ಪಾಲು, ಡಿಸೆಂಬರಿನ ರಾತ್ರಿ ಹತ್ತು ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ಜುಲೈ ಮಧ್ಯಕ್ಕೇ ಬಿತ್ತಿ, ಸೆಪ್ಟೆಂಬರ್ ಮುಗಿಯುವುದರೊಳಗೆ ಕುಂಡಕ್ಕೆ ಹಚ್ಚಿದರೆ ಚಳಿಗೆ ಮೊದಲು ಗಿಡ ಬಲಿಯುತ್ತದೆ. ಪುಣೆಯಲ್ಲಿ ಜನವರಿ ಬಿತ್ತನೆಯೂ ಫಲ ಕೊಡುತ್ತದೆ. ಆಗ ಮಾತ್ರ ಬೀಜಕ್ಕೆ ಬಿಸಿ ಹುಡುಕಬೇಕು, ಟ್ರೇಯನ್ನು ಫ್ರಿಜ್ಜಿನ ತಲೆಯ ಮೇಲೋ ಸೆಟ್‌ಟಾಪ್ ಪೆಟ್ಟಿಗೆಯ ಮೇಲೋ ಇಟ್ಟರೆ ಸಾಕಾಗುತ್ತದೆ. ಮಡಗಾಂವ್, ವಾಸ್ಕೋ ಕಡೆಯ ನಮ್ಮವರಿಗೆ ಮುಂಬೈಯ ಲೆಕ್ಕವೇ ಸರಿ. ಅಂಗಳವಿದ್ದು, ಜಂಬಿಟ್ಟಿಗೆ ಮಣ್ಣಿನ ಇಳಿಜಾರು ಇದ್ದರೆ ಮಾತ್ರ ಖೋಲಾದವರಂತೆ ಜೂನ್ ಮೊದಲಿಗೆ ಸಸಿ ಮಾಡಿ ಮಳೆಯಲ್ಲೇ ಹಚ್ಚಿ ನೋಡಬಹುದು.

ಸಂಕ್ರಾಂತಿಯ ಹೊತ್ತಿಗೆ ಬರುವ ಮೊದಲ ಕೆಂಪು ಹಣ್ಣುಗಳಲ್ಲಿ ಚೆನ್ನಾಗಿ ಬಲಿತ ಎರಡನ್ನು ಬೀಜಕ್ಕೆ ಬಿಡಿ. ಮೆಣಸು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಚ್ಚಿದರೂ ಜೇನ್ನೊಣ ಬಂದರೆ ಬೆರಕೆಯಾಗುತ್ತದೆ. ಒಂದಕ್ಕಿಂತ ಹೆಚ್ಚು ತಳಿ ಇಟ್ಟವರು ಬೀಜಕ್ಕೆಂದು ಆರಿಸಿದ ರೆಂಬೆಗೆ ಹೂ ಅರಳುವ ಮೊದಲೇ ತೆಳು ಮಲ್ಮಲ್ ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ ದಾರದ ಗುರುತು ಕಟ್ಟಿ. ಬೀಜವನ್ನು ನೆರಳಿನಲ್ಲಿ ವಾರ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಹಾಕಿ, ಒಂದು ಚಿಟಿಕೆ ಹುರಿದು ಆರಿಸಿದ ಅಕ್ಕಿಯ ಜೊತೆ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಕಪಾಟಿನಲ್ಲಿಟ್ಟರೆ ಮುಂಬೈಯ ಜೂನ್, ಜುಲೈಯ ತೇವಕ್ಕೆ ಅದರ ಮೊಳೆಯುವ ಕಸುವು ಅರ್ಧ ಹೋಗಿರುತ್ತದೆ. ಬಿತ್ತುವ ದಿನ ಬಾಟಲಿಯನ್ನು ಹೊರಗೆ ತೆಗೆದು, ಅದು ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಿರಿ, ಇಲ್ಲವಾದರೆ ತಣ್ಣಗಿನ ಬೀಜದ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ.